30 ಲೀಟರ್ ಟ್ಯಾಂಕ್ ಬೇಕೇ? ಡಿಆರ್650 ಬೈಕಿಗೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸುವ ಬಗ್ಗೆ

ಪ್ರಶ್ನೆ: ನಾನು ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗ. ನನ್ನ ಸುಜುಕಿ ಡಿಆರ್650ಎಸ್‌ಇ ಬೈಕಿಗೆ ಕಂಪನಿಯವರು ಕೊಟ್ಟಿರುವುದು 13 ಲೀಟರ್‌ನ ಟ್ಯಾಂಕ್. ಮುಂದಿನ ಚಳಿಗಾಲದಲ್ಲಿ ಆಸ್ಟ್ರೇಲಿಯದ ಒಳನಾಡಿನ ಮಣ್ಣಿನ ದಾರಿಯಾದ ಬರ್ಡ್ಸ್‌ವಿಲ್ ಟ್ರ್ಯಾಕ್‌ನಲ್ಲಿ ಹೋಗಿ, ಸಾಧ್ಯವಾದರೆ ಸಿಂಪ್ಸನ್ ಮರುಭೂಮಿಯನ್ನೂ ದಾಟಬೇಕೆಂದಿದ್ದೇನೆ. 20 ಲೀಟರ್‌ನ ಅಸೆರ್ಬಿಸ್ ಟ್ಯಾಂಕ್ ಹಾಕಲೇ, 30 ಲೀಟರ್‌ನ ಸಫಾರಿ ಟ್ಯಾಂಕ್ ಹಾಕಲೇ? ಅದನ್ನು ನಾನೇ ಕೂರಿಸಿಕೊಳ್ಳಬಹುದೇ? ಬೆಂಗಳೂರಿನಲ್ಲಿರುವ ನನ್ನ ತಮ್ಮನೂ ಲಡಾಖ್ ಪ್ರವಾಸಕ್ಕೆಂದು ತನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ಕ್ಕೆ ಇಂಥದ್ದೊಂದು ಟ್ಯಾಂಕ್ ಹುಡುಕುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಟ್ಯಾಂಕಿನ ಗಾತ್ರವನ್ನು ಬೈಕ್ ನೋಡಿ ನಿರ್ಧರಿಸಬಾರದು. ನೀವು ಹೋಗುವ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಿಂದ ಮುಂದಿನ ಬಂಕಿಗೆ ಇರುವ ಅತಿ ದೊಡ್ಡ ಅಂತರ ಎಷ್ಟು, ಆ ಅಂತರದಲ್ಲಿ ನೆಲ ಹೇಗಿದೆ ಎಂಬ ಎರಡನ್ನೇ ನೋಡಿ ನಿರ್ಧರಿಸಬೇಕು. ಮರೀ ಎಂಬ ಊರಿನಿಂದ ಬರ್ಡ್ಸ್‌ವಿಲ್‌ವರೆಗಿನ ಟ್ರ್ಯಾಕ್ ಒಟ್ಟು 517 ಕಿ.ಮೀ. ಉದ್ದವಿದ್ದು, ನಡುವೆ ಮಂಗೆರಾನಿಯಲ್ಲಿ ಪೆಟ್ರೋಲ್ ಸಿಗುತ್ತದೆ. ಮರೀಯಿಂದ ಮಂಗೆರಾನಿಗೆ 204 ಕಿ.ಮೀ., ಅಲ್ಲಿಂದ ಬರ್ಡ್ಸ್‌ವಿಲ್‌ಗೆ 313 ಕಿ.ಮೀ. ಸಾಮಾನು ಹೊತ್ತ ಡಿಆರ್650 ಗಟ್ಟಿ ಮಣ್ಣಿನ ರಸ್ತೆಯಲ್ಲಿ ಗಂಟೆಗೆ 80–90 ಕಿ.ಮೀ. ವೇಗದಲ್ಲಿ 100 ಕಿ.ಮೀ.ಗೆ ಸುಮಾರು ಐದೂವರೆ ಲೀಟರ್ ಕುಡಿಯುತ್ತದೆ ಎಂದು ಹಿಡಿಯಿರಿ. ಎದುರು ಗಾಳಿ ಬೀಸಿದರೆ ಆರು ಲೀಟರ್ ಆದೀತು. ಆ ಲೆಕ್ಕದಲ್ಲಿ ನಿಮ್ಮ ಮೂಲ ಟ್ಯಾಂಕ್ ಮೊದಲ ಹಂತವನ್ನು ಹೇಗೋ ದಾಟಿಸುತ್ತದೆ. ಎರಡನೆಯ ಹಂತಕ್ಕೆ 17ರಿಂದ 19 ಲೀಟರ್ ಬೇಕಾಗುವುದರಿಂದ ಅಲ್ಲಿ ಅದು ಸಾಲದು. 20 ಲೀಟರ್‌ನ ಟ್ಯಾಂಕ್ ಸಾಲುತ್ತದೆಯಾದರೂ ಕೈಯಲ್ಲಿ ಉಳಿಯುವುದು ಒಂದೆರಡು ಲೀಟರ್ ಮಾತ್ರ, ಮತ್ತು ಮುಂದೆ ಹೇಳಲಿರುವ ಕಾರಣಕ್ಕೆ ಆ ಕೊನೆಯ ಲೀಟರ್ ಪೂರ್ತಿಯಾಗಿ ಎಂಜಿನ್‌ಗೆ ಸಿಗುವುದೂ ಇಲ್ಲ. ಹಾಗಾಗಿ 20 ಲೀಟರ್ ಟ್ಯಾಂಕಿನ ಜೊತೆಗೆ ಐದು ಲೀಟರ್‌ನ ಮಡಚಬಹುದಾದ ಇಂಧನ ಚೀಲವೊಂದನ್ನು ಇಟ್ಟುಕೊಂಡರೆ ಬರ್ಡ್ಸ್‌ವಿಲ್ ಟ್ರ್ಯಾಕ್ ಮಟ್ಟಿಗೆ ನೀವು ನಿಶ್ಚಿಂತರು.

ಸಿಂಪ್ಸನ್ ಮರುಭೂಮಿಯ ಲೆಕ್ಕವೇ ಬೇರೆ. ಪಶ್ಚಿಮ ಅಂಚಿನ ಮೌಂಟ್ ಡೇರ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಡಾಲ್‌ಹೌಸಿ ಬುಗ್ಗೆಗಳ ಬಳಿ ಹಾದು, ಫ್ರೆಂಚ್ ಲೈನ್ ಎಂಬ ಮರಳುದಾರಿ ಹಿಡಿದು ಬರ್ಡ್ಸ್‌ವಿಲ್ ತಲುಪುವ ಹಾದಿ 500 ಕಿ.ಮೀ. ಮೀರುತ್ತದೆ; ನಡುವೆ ಎಲ್ಲಿಯೂ ಒಂದು ಹನಿ ಪೆಟ್ರೋಲ್ ಸಿಗುವುದಿಲ್ಲ. ಸಾವಿರಕ್ಕೂ ಹೆಚ್ಚು ಮರಳ ದಿಬ್ಬಗಳನ್ನು ಒಂದೊಂದಾಗಿ ಹತ್ತಿ ಇಳಿಯಬೇಕಾಗಿರುವುದರಿಂದ ಬಹುಪಾಲು ಎರಡನೆಯ, ಮೂರನೆಯ ಗೇರಿನಲ್ಲೇ ಸಾಗಬೇಕಾಗುತ್ತದೆ. ದಿಬ್ಬಗಳ ಪೂರ್ವ ಮುಖ ಹೆಚ್ಚು ಕಡಿದಾಗಿರುವುದರಿಂದ ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರಿಗೆ ತುಸು ಸುಲಭ. ಹಾಗಿದ್ದರೂ 100 ಕಿ.ಮೀ.ಗೆ ಏಳು ಲೀಟರ್ ಖರ್ಚಾಗುತ್ತದೆಂದು ಇಟ್ಟುಕೊಂಡೇ ಹೊರಡಬೇಕು. ಅಂದರೆ 35 ಲೀಟರ್ ಬೇಕು. ದಾರಿ ತಪ್ಪಿ ಹಿಂದಿರುಗಿದರೆ, ಜೊತೆಯವರ ಬೈಕ್ ಎಳೆಯಬೇಕಾಗಿ ಬಂದರೆ ಇನ್ನೂ ಹೆಚ್ಚು. 30 ಲೀಟರ್ ಟ್ಯಾಂಕ್ ಕೊಂಡವರು ಸಿಂಪ್ಸನ್ ದಾಟಲು ಅದೊಂದೇ ಸಾಕೆಂದು ನಂಬಿರುವುದುಂಟು. ಸಾಲದು. ಅದರ ಮೇಲೆ ಕನಿಷ್ಠ ಹತ್ತು ಲೀಟರ್ ಬೇಕು, ಇಲ್ಲವೇ ಪೆಟ್ರೋಲ್ ಹೊತ್ತ ಜೀಪೊಂದು ಜೊತೆಗಿರಬೇಕು.

ನಿಮ್ಮ ಪ್ರಶ್ನೆಯಲ್ಲಿ ‘ಸಾಧ್ಯವಾದರೆ’ ಎಂಬ ಮಾತಿದೆ. ಸಿಂಪ್ಸನ್ ಪಯಣ ಖಚಿತವಾಗಿದ್ದರೆ 30 ಲೀಟರ್‌ನದನ್ನೇ ಕೊಳ್ಳಿ. ಅದಿನ್ನೂ ಮನಸ್ಸಿನ ಆಸೆಯಷ್ಟೇ ಆಗಿದ್ದರೆ 20 ಲೀಟರ್‌ನದು ಸಾಕು. ಬೇಕಾದದ್ದಕ್ಕಿಂತ ದೊಡ್ಡ ಟ್ಯಾಂಕ್ ಒಂದು ದೋಷವೇ ಹೊರತು ಮುನ್ನೆಚ್ಚರಿಕೆಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಕೊಳ್ಳುವ ಮೊದಲು, ಪ್ರವಾಸಕ್ಕೆ ಒಯ್ಯುವಷ್ಟೇ ಸಾಮಾನು ಹೇರಿ, ಅದೇ ಟೈರಿನಲ್ಲಿ, ಅದೇ ವೇಗದಲ್ಲಿ ಒಂದು ದಿನ ಓಡಿಸಿ ನಿಮ್ಮ ಬೈಕಿನ ನಿಜವಾದ ಮೈಲೇಜ್ ಅಳೆದುಕೊಳ್ಳಿ. ಮೇಲಿನ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ಲೆಕ್ಕವನ್ನು ಮತ್ತೊಮ್ಮೆ ಮಾಡಿ.

ದೋಷವೆಂದೆನಲ್ಲ, ಅದು ಮೊದಲು ತೂಕದಲ್ಲಿ ಕಾಣಿಸುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. 13 ಲೀಟರ್‌ನ ಜಾಗದಲ್ಲಿ 30 ಲೀಟರ್ ತುಂಬಿಸಿದರೆ 166 ಕಿಲೋ ತೂಕದ ಬೈಕಿನ ಮೇಲೆ ಇನ್ನೂ ಹನ್ನೆರಡೂವರೆ ಕಿಲೋ ಏರುತ್ತದೆ, ಮತ್ತು ಅದರ ಹೆಚ್ಚಿನ ಪಾಲು ಬೀಳುವುದು ಮುಂದಿನ ಫೋರ್ಕಿನ (ಮುಂಚಕ್ರವನ್ನು ಹಿಡಿದ ಸ್ಪ್ರಿಂಗ್ ಕಾಲುಗಳ) ಮೇಲೆ. ಡಿಆರ್650ಯ ಮೂಲ ಸ್ಪ್ರಿಂಗ್‌ಗಳು ಮೊದಲೇ ಮೆದು. ಮರಳಿನಲ್ಲಿ ಮುಂಚಕ್ರ ಹಗುರವಾಗಿದ್ದಷ್ಟೂ ಒಳ್ಳೆಯದು. ದೊಡ್ಡ ಟ್ಯಾಂಕ್ ಹಾಕಿಸಿ ಸ್ಪ್ರಿಂಗ್ ಬದಲಿಸದವರ ಬೈಕ್ ಮೂಗು ತಗ್ಗಿಸಿಕೊಂಡು ಮರಳಿಗೆ ಇಳಿಯುತ್ತದೆ. ಆದ್ದರಿಂದ ಟ್ಯಾಂಕಿನ ಖರ್ಚಿನ ಜೊತೆಗೇ ಗಟ್ಟಿಯಾದ ಫೋರ್ಕ್ ಸ್ಪ್ರಿಂಗ್‌ಗಳ ಖರ್ಚನ್ನೂ ಸೇರಿಸಿಕೊಳ್ಳಿ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಪೆಟ್ರೋಲ್ ಹಿಂದೆ ಮುಂದೆ ತುಳುಕುವುದೂ ಉಂಟು. ಒಳಗೆ ಅಡ್ಡಗೋಡೆಯಿಲ್ಲದ ಟ್ಯಾಂಕಿನಲ್ಲಿ ಬ್ರೇಕ್ ಹಿಡಿದಾಗ ಆ ತಳ್ಳು ಕೈಗೆ ಗೊತ್ತಾಗುತ್ತದೆ, ಒಂದೆರಡು ದಿನಗಳಲ್ಲಿ ರೂಢಿಯೂ ಆಗುತ್ತದೆ.

ಇನ್ನು ಪ್ಲಾಸ್ಟಿಕ್‌ನ ಸ್ವಭಾವಕ್ಕೆ ಬರೋಣ. ಇಂಥ ಟ್ಯಾಂಕುಗಳು ಪಾಲಿಎಥಿಲೀನ್‌ನಿಂದ ಆದವು. ಅಚ್ಚಿನೊಳಗೆ ಪಾಲಿಎಥಿಲೀನ್ ಪುಡಿ ಹಾಕಿ, ಕಾಯಿಸುತ್ತಾ ಎರಡು ಅಕ್ಷಗಳ ಮೇಲೆ ತಿರುಗಿಸಿದಾಗ ಪುಡಿ ಕರಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ; ಬೋಲ್ಟ್ ಕೂರುವ ಜಾಗಗಳಲ್ಲಿ ಒಳಗೆ ತಿರುಪಿನ ಗೆರೆಯುಳ್ಳ ಹಿತ್ತಾಳೆ ಗುಂಡಿಗಳನ್ನು ಅಚ್ಚಿನಲ್ಲೇ ಹುದುಗಿಸಿರುತ್ತಾರೆ. ಈ ವಸ್ತು ತುಕ್ಕು ಹಿಡಿಯುವುದಿಲ್ಲ. ಬೈಕ್ ಬಿದ್ದು ಕಬ್ಬಿಣದ ಟ್ಯಾಂಕ್ ನೆಗ್ಗುವ ಕಡೆ ಇದು ಬಳುಕಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಸಾಹಸದ ಬೈಕುಗಳಿಗೆ ಇದನ್ನು ಆರಿಸುವುದು ಅದಕ್ಕಾಗಿಯೇ. ಆದರೆ ಪಾಲಿಎಥಿಲೀನ್ ಪೆಟ್ರೋಲನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ, ಹೀರಿ ಹಿಗ್ಗುತ್ತದೆ. ಪೆಟ್ಟಿಗೆಯಿಂದ ತೆಗೆದ ದಿನ ಸಲೀಸಾಗಿ ಕೂತ ಟ್ಯಾಂಕನ್ನು ಪೆಟ್ರೋಲ್ ತುಂಬಿಸಿ ಎರಡು ತಿಂಗಳ ಬಳಿಕ ಬಿಚ್ಚಿದರೆ, ಮತ್ತೆ ಕೂರಿಸುವಾಗ ಬೋಲ್ಟಿನ ರಂಧ್ರ ನಾಲ್ಕೈದು ಮಿಲಿಮೀಟರ್ ಆಚೆ ಹೋಗಿರುತ್ತದೆ. ಟ್ಯಾಂಕ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ, ಅದು ಅದರ ಗುಣ. ಹಾಗಾಗಿಯೇ ಹಿಡಿಕೆಯ ಪಟ್ಟಿಗಳಲ್ಲಿನ ರಂಧ್ರಗಳನ್ನು ಮೊದಲೇ ಅರದಿಂದ ಉದ್ದುದ್ದಕ್ಕೆ ತುಸು ಹಿಗ್ಗಿಸಿಟ್ಟುಕೊಳ್ಳಬೇಕು; ಟ್ಯಾಂಕನ್ನು ಪೂರ್ತಿ ತುಂಬಿಸಿ, ಬೋಲ್ಟುಗಳನ್ನು ಕೈಬಿಗಿಯಷ್ಟರಲ್ಲೇ ಬಿಟ್ಟು, ಒಂದೆರಡು ವಾರ ಬೈಕಿನ ಮೇಲೆಯೇ ಹಿಗ್ಗಿ ಒಗ್ಗಿಕೊಳ್ಳಲು ಬಿಟ್ಟು, ಆಮೇಲೆ ಕೊನೆಯ ಬಿಗಿ ಕೊಡಬೇಕು. ಪ್ರವಾಸದ ಹಿಂದಿನ ಶನಿವಾರ ಟ್ಯಾಂಕ್ ಕೂರಿಸಬೇಡಿ ಎಂದು ಹೇಳುವುದು ಇದಕ್ಕೇ.

ಇದರ ಗೋಡೆಯ ಮೂಲಕ ಪೆಟ್ರೋಲ್ ಆವಿ ನಿಧಾನವಾಗಿ ಹೊರಗೆ ಜಿನುಗುತ್ತದೆ ಎಂಬುದು ಇನ್ನೊಂದು ಗುಣ. ಅಂಟಿಸಿದ ಸ್ಟಿಕರ್‌ಗಳ ಅಡಿಯಲ್ಲಿ ಗುಳ್ಳೆ ಏಳುವುದು, ಬಣ್ಣ ನಿಲ್ಲದಿರುವುದು, ಮುಚ್ಚಿದ ಗ್ಯಾರೇಜಿನಲ್ಲಿ ಬೆಳಗ್ಗೆ ಪೆಟ್ರೋಲ್ ವಾಸನೆ ಬರುವುದು ಇದರಿಂದಲೇ. ಕಾರ್ಖಾನೆಯಿಂದಲೇ ಪ್ಲಾಸ್ಟಿಕ್ ಟ್ಯಾಂಕ್ ಹೊತ್ತು ಬರುವ ವಾಹನಗಳಲ್ಲಿ ಒಳಮೈಗೆ ಫ್ಲೋರಿನ್ ಉಪಚಾರ ಮಾಡಿಯೋ, ಹಲವು ಪದರಗಳ ನಡುವೆ ಆವಿ ತಡೆಯುವ ಪದರವಿಟ್ಟೋ ಇದನ್ನು ತಗ್ಗಿಸಿರುತ್ತಾರೆ; ಅಮೆರಿಕದಲ್ಲಿ 2008ರ ಮಾದರಿಗಳಿಂದೀಚೆಗೆ ಹೊಸ ಬೈಕುಗಳ ಟ್ಯಾಂಕು ಚದರ ಮೀಟರಿಗೆ ದಿನಕ್ಕೆ ಒಂದೂವರೆ ಗ್ರಾಂಗಿಂತ ಹೆಚ್ಚು ಆವಿ ಬಿಡಬಾರದೆಂಬ ನಿಯಮವೂ ಇದೆ. ನೀವು ಕೊಳ್ಳುವ ಟ್ಯಾಂಕಿಗೆ ಇಂಥ ಉಪಚಾರ ಆಗಿದೆಯೇ ಎಂದು ಅಂಗಡಿಯವರನ್ನು ಕೇಳಿ. ಆಗಿಲ್ಲದಿದ್ದರೆ, ಗೀಸರ್ ಅಥವಾ ಬಾಯ್ಲರ್‌ನ ಜ್ವಾಲೆ ಇರುವ ಕೋಣೆಯಲ್ಲಿ ಬೈಕ್ ನಿಲ್ಲಿಸುವುದನ್ನು ಬಿಟ್ಟುಬಿಡಿ.

ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಅನೇಕರಿಗೆ ಭಯವಿದೆ. ಡುಕಾಟಿ ಬೈಕುಗಳ ಪ್ಲಾಸ್ಟಿಕ್ ಟ್ಯಾಂಕುಗಳು ಎಥನಾಲ್‌ನಿಂದ ಉಬ್ಬಿ ವಿಕಾರವಾದದ್ದು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ವಿಷಯ. ಆದರೆ ಅವು ನೈಲಾನ್‌ನಿಂದ ಆದ ಟ್ಯಾಂಕುಗಳು. ನೈಲಾನ್ ಎಥನಾಲನ್ನೂ ನೀರನ್ನೂ ಹೀರುತ್ತದೆ, ಪಾಲಿಎಥಿಲೀನ್‌ಗೆ ಆ ಚಾಳಿ ಇಲ್ಲ. ಅದು ಹಿಗ್ಗುವುದು ಪೆಟ್ರೋಲಿನಿಂದಲೇ. ಮಧ್ಯ ಆಸ್ಟ್ರೇಲಿಯದ ಅನೇಕ ಕಡೆ ಸಾಮಾನ್ಯ ಪೆಟ್ರೋಲಿನ ಬದಲು ಓಪಲ್ ಎಂಬ ಇಂಧನ ಸಿಗುತ್ತದೆ. ಪೆಟ್ರೋಲ್ ಮೂಸುವ ಚಟಕ್ಕೆ ಬಲಿಯಾಗುತ್ತಿದ್ದ ದೂರದ ಸಮುದಾಯಗಳಿಗಾಗಿ 2005ರಲ್ಲಿ ತಂದ, ಮತ್ತೇರಿಸುವ ಅಂಶ ತೀರ ಕಡಿಮೆಯಿರುವ ಇಂಧನವದು. ನಿಮ್ಮ ಎಂಜಿನ್‌ಗೂ ಟ್ಯಾಂಕಿಗೂ ಅದರಿಂದ ತೊಂದರೆಯಿಲ್ಲ.

ಕೂರಿಸುವ ಕೆಲಸವನ್ನು ನೀವೇ ಮಾಡಬಹುದು. ಸಾಧಾರಣ ಸ್ಪ್ಯಾನರ್ ಸೆಟ್ ಇದ್ದರೆ ಸಾಕು. ಆದರೆ ಟ್ಯಾಂಕ್ ಕೂರಿಸುವುದೆಂದರೆ ನಾಲ್ಕು ಬೋಲ್ಟ್ ತಿರುಗಿಸುವುದು ಎಂದುಕೊಳ್ಳಬೇಡಿ. ದಾರಿಯಲ್ಲಿ ಕೈಕೊಡುವುದು ಟ್ಯಾಂಕ್ ಅಲ್ಲ, ಅದರಿಂದ ಕಾರ್ಬ್ಯುರೇಟರ್‌ವರೆಗಿನ ಒಂದಡಿ ಪೈಪು, ಕಾಕ್ (ಪೆಟ್ರೋಲ್ ಬಿಡುವ ನಲ್ಲಿ), ವಾಷರ್ ಮತ್ತು ಗಾಳಿಯ ನಳಿಕೆ. ನಿಮ್ಮ ಸಮಯದ ಹೆಚ್ಚಿನ ಪಾಲು ಇವುಗಳಿಗೇ ಮೀಸಲಿರಲಿ.

ಮೊದಲು ಹೊಸ ಟ್ಯಾಂಕಿನ ಒಳಗನ್ನು ತೊಳೆಯಿರಿ. ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ ಎಳೆಗಳೂ, ಕಾಕ್ ಕೂರುವ ರಂಧ್ರ ಕೊರೆದಾಗಿನ ಸುರುಳಿ ಚೂರುಗಳೂ ಒಳಗೆ ಅಂಟಿಕೊಂಡಿರುತ್ತವೆ. ಮುಚ್ಚಳ ಬಿಟ್ಟು ಉಳಿದ ರಂಧ್ರಗಳನ್ನು ಮುಚ್ಚಿ, ಎರಡು ಲೀಟರ್ ಪೆಟ್ರೋಲ್ ಹಾಕಿ, ಮುಚ್ಚಳವನ್ನೂ ಬಿಗಿದು, ಎಲ್ಲ ದಿಕ್ಕಿಗೂ ಹೊರಳಿಸಿ ಜೋರಾಗಿ ಕುಲುಕಿ, ಬಿಳಿ ಬಟ್ಟೆಯ ಮೂಲಕ ಸೋಸಿ ಹೊರಗೆ ಸುರಿಯಿರಿ. ಬಟ್ಟೆಯ ಮೇಲೆ ಉಗುರಿನ ಚೂರಿನಂಥ ಬಿಳಿ ಅಥವಾ ಕಪ್ಪು ಎಳೆಗಳು ಕಾಣುತ್ತವೆ. ಬಟ್ಟೆ ಸ್ವಚ್ಛವಾಗಿ ಬರುವವರೆಗೂ ಇದನ್ನೇ ಮಾಡಿ. ಇದರಲ್ಲಿ ಒಂದೇ ಒಂದು ಎಳೆ, ಕಾರ್ಬ್ಯುರೇಟರಿನ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯ ಕೆಳಗೆ ಸಿಕ್ಕಿಕೊಂಡರೆ ಪೆಟ್ರೋಲ್ ನಿಲ್ಲದೆ ಉಕ್ಕುತ್ತದೆ. ಇದೆಲ್ಲ ಬಯಲಿನಲ್ಲಿ, ಕಿಡಿ ತಾಗದ ಜಾಗದಲ್ಲಿ ನಡೆಯಬೇಕೆಂದು ಬೇರೆ ಹೇಳಬೇಕಿಲ್ಲ.

ನಂತರ ಖಾಲಿ ಟ್ಯಾಂಕನ್ನು ಬೈಕಿನ ಮೇಲೆ ಇಟ್ಟು ನೋಡಿ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ: ಫೋರ್ಕ್ ಟ್ಯಾಂಕಿಗೆ ತಾಗಬಾರದು, ಬೆರಳುಗಳು ಸಿಕ್ಕಿಕೊಳ್ಳಬಾರದು, ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಎಂಜಿನ್ ತಾನಾಗಿ ಏರಬಾರದು. ಈ ಕೊನೆಯ ಪರೀಕ್ಷೆಯನ್ನು, ಪೈಪು ಜೋಡಿಸಿ ಪೆಟ್ರೋಲ್ ಹಾಕಿದ ಮೇಲೆ, ಎಂಜಿನ್ ಚಾಲೂ ಇಟ್ಟು ಮತ್ತೊಮ್ಮೆ ಮಾಡಬೇಕು. ಪೆಟ್ರೋಲ್ ತುಂಬಿದ ಮೇಲೆ ಟ್ಯಾಂಕ್ ಹಿಗ್ಗುವುದರಿಂದ ಈಗ ಕೂದಲೆಳೆಯಷ್ಟು ಸಂದು ಇದ್ದರೆ ಸಾಲದು, ಬೆರಳು ತೂರುವಷ್ಟಿರಲಿ. ಟ್ಯಾಂಕಿನ ಒಳಬೆನ್ನು ಫ್ರೇಮಿನ ನಡು ಪೈಪನ್ನು ಎಲ್ಲಿ ಮುಟ್ಟುತ್ತದೆ ಎಂದು ತಿಳಿಯಲು ಪೈಪಿಗೆ ಸೀಮೆಸುಣ್ಣ ಸವರಿ, ಟ್ಯಾಂಕ್ ಒಮ್ಮೆ ಇಟ್ಟು ತೆಗೆಯಿರಿ. ಸುಣ್ಣ ಹತ್ತಿದ ಜಾಗಗಳಿಗೆ ರಬ್ಬರ್ ಅಥವಾ ಗಟ್ಟಿ ಫೋಮ್ ಅಂಟಿಸಿ. ಹಳೆಯ ಸೈಕಲ್ ಟ್ಯೂಬಿನ ತುಂಡೂ ಆದೀತು. ತಂತಿಗಳ ಕಟ್ಟು ಟ್ಯಾಂಕಿನಡಿ ಅದುಮಿಕೊಂಡಿದ್ದರೆ ಪಕ್ಕಕ್ಕೆ ಸರಿಸಿ ಪಟ್ಟಿ ಹಾಕಿ. ಪ್ಲಾಸ್ಟಿಕ್ ಮತ್ತು ಕಬ್ಬಿಣ ನೇರವಾಗಿ ಉಜ್ಜಿಕೊಂಡರೆ, ಕಲ್ಲುರಸ್ತೆಯ ಅದುರಿನಲ್ಲಿ ಸವೆಯುವುದು ಯಾವಾಗಲೂ ಪ್ಲಾಸ್ಟಿಕ್ಕೇ. ನಾಜೂಕಿನ ಮಾತು ಇನ್ನೊಂದಿದೆ: ಹುದುಗಿಸಿದ ಹಿತ್ತಾಳೆ ಗುಂಡಿಗಳಿಗೆ ಬೋಲ್ಟ್ ಹಾಕುವಾಗ ಉದ್ದ ಹಿಡಿಯ ಸ್ಪ್ಯಾನರ್ ಬಳಸಬೇಡಿ. ಅತಿಯಾಗಿ ಬಿಗಿದರೆ ಗುಂಡಿಯೇ ಪ್ಲಾಸ್ಟಿಕ್ಕಿನಿಂದ ಕಿತ್ತು ತಿರುಗತೊಡಗುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ.

ಡಿಆರ್650ಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಪೆಟ್ರೋಲ್ ಕಾಕ್. ಮೂಲ ಟ್ಯಾಂಕಿನ ಕಾಕ್ ವ್ಯಾಕ್ಯೂಮ್‌ನಿಂದ ನಡೆಯುವಂಥದ್ದು: ಎಂಜಿನ್ ತಿರುಗಿದಾಗಿನ ಎಳೆತ ಒಂದು ತೆಳು ನಳಿಕೆಯ ಮೂಲಕ ಕಾಕ್‌ನ ಪೊರೆಯನ್ನು ತೆರೆಯುತ್ತದೆ, ಎಂಜಿನ್ ನಿಂತರೆ ಕಾಕ್ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡ ಟ್ಯಾಂಕುಗಳ ಜೊತೆ ಬರುವುದು ಸಾಮಾನ್ಯವಾಗಿ ಕೈಯಿಂದ ತಿರುಗಿಸುವ ಕಾಕ್. ಈ ಬದಲಾವಣೆಯಿಂದ ಎರಡು ಕೆಲಸ ಹುಟ್ಟಿಕೊಳ್ಳುತ್ತವೆ. ಕಾರ್ಬ್ಯುರೇಟರಿನಲ್ಲಿ ಆ ತೆಳು ನಳಿಕೆ ಕೂರುತ್ತಿದ್ದ ಮೂತಿ ಈಗ ಖಾಲಿ. ಅದನ್ನು ರಬ್ಬರ್ ಟೋಪಿ ಹಾಕಿ ಕ್ಲಿಪ್‌ನಿಂದ ಭದ್ರವಾಗಿ ಮುಚ್ಚದಿದ್ದರೆ ಅಲ್ಲಿಂದ ಗಾಳಿ ಒಳಗೆ ಎಳೆದುಕೊಂಡು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಎಂಜಿನ್ ಕಾಯುತ್ತದೆ, ಐಡಲಿಂಗ್ ಏರಿಳಿಯುತ್ತದೆ. ದೊಡ್ಡ ಟ್ಯಾಂಕ್ ಹಾಕಿದ ಮೇಲೆ ಬೈಕ್ ಸರಿಯಾಗಿ ಓಡುತ್ತಿಲ್ಲ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಈ ಮೂತಿಯನ್ನೇ. ಎರಡನೆಯದು ನಿಮ್ಮ ಅಭ್ಯಾಸಕ್ಕೆ ಸಂಬಂಧಿಸಿದ್ದು: ಬೈಕ್ ನಿಲ್ಲಿಸಿದಾಗಲೆಲ್ಲ ಇನ್ನು ಮುಂದೆ ಕಾಕ್ ಮುಚ್ಚಲೇಬೇಕು. ಮುಚ್ಚದ ರಾತ್ರಿ ಫ್ಲೋಟ್ ಸೂಜಿ ಸ್ವಲ್ಪ ಸೋರಿದರೂ, ಟ್ಯಾಂಕಿನಲ್ಲಿರುವ ಪೆಟ್ರೋಲ್ ಸಿಲಿಂಡರಿಗೂ ಅಲ್ಲಿಂದ ಆಯಿಲ್‌ಗೂ ಇಳಿಯಬಹುದು. ಬೆಳಗ್ಗೆ ಹಾಗೆಯೇ ಸ್ಟಾರ್ಟ್ ಬಟನ್ ಒತ್ತಿದರೆ, ಅದುಮಲಾಗದ ದ್ರವದ ವಿರುದ್ಧ ಪಿಸ್ಟನ್ ಒತ್ತಿ ಕನೆಕ್ಟಿಂಗ್ ರಾಡ್ ಬಾಗುವ ಸಂಭವವಿದೆ. ಆಯಿಲ್ ಮಟ್ಟ ಕಾರಣವಿಲ್ಲದೆ ಏರಿದ್ದು ಕಂಡರೆ, ಆಯಿಲ್‌ಗೆ ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ಚಾಲೂ ಮಾಡದೆ ಪ್ಲಗ್‌ಗಳನ್ನು ಬಿಚ್ಚಿ ನೋಡಿ, ಆಯಿಲ್ ಬದಲಿಸಿ.

ದೊಡ್ಡ ಟ್ಯಾಂಕ್ ಫ್ರೇಮಿನ ಎರಡೂ ಬದಿಗೆ ಜೋಳಿಗೆಯಂತೆ ಇಳಿಬಿದ್ದಿರುತ್ತದೆ. ಪೆಟ್ರೋಲ್ ನಡುವಿನ ದಿಣ್ಣೆಗಿಂತ ಕೆಳಗಿಳಿದ ಮೇಲೆ ಎಡದ ಜೋಳಿಗೆಯದು ಎಡಕ್ಕೆ, ಬಲದ್ದು ಬಲಕ್ಕೆ ಬೇರೆಯಾಗಿಬಿಡುತ್ತದೆ. ಎರಡು ಕಾಕ್ ಇರುವ ಟ್ಯಾಂಕಿನಲ್ಲಿ ಎರಡನ್ನೂ ಟಿ ಆಕಾರದ ಜೋಡಣೆಯಿಂದ ಒಂದೇ ಪೈಪಿಗೆ ಸೇರಿಸುತ್ತಾರೆ. ಒಂದು ಬದಿಯನ್ನು ತೆರೆದು ಓಡಿಸಿ, ಇನ್ನೊಂದನ್ನು ಮುಚ್ಚಿಟ್ಟು ರಿಸರ್ವ್‌ನಂತೆ ಬಳಸುವುದು ಒಳ್ಳೆಯ ಪದ್ಧತಿ. ಎಂಜಿನ್ ಕೆಮ್ಮಿದಾಗ ಎಷ್ಟು ಉಳಿದಿದೆ ಎಂಬ ಅಂದಾಜಾದರೂ ಸಿಗುತ್ತದೆ. ಒಂದೇ ಕಾಕ್ ಇರುವ ಟ್ಯಾಂಕಾದರೆ, ಕಾಕ್ ಇಲ್ಲದ ಬದಿಯ ಪೆಟ್ರೋಲನ್ನು ಇತ್ತ ತರಲು ಬೈಕನ್ನು ಒಂದು ಮಗ್ಗುಲಿಗೆ ವಾಲಿಸಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಜೋಳಿಗೆಯ ತಳ ಕಾರ್ಬ್ಯುರೇಟರಿನ ಫ್ಲೋಟ್ ಮಟ್ಟಕ್ಕಿಂತ ಕೆಳಗಿದ್ದರೆ ಅಲ್ಲಿನ ಪೆಟ್ರೋಲ್ ತನ್ನ ಭಾರದಿಂದ ತಾನೇ ಮೇಲೇರಲಾರದು. ಕೆಲವು ದೊಡ್ಡ ಟ್ಯಾಂಕುಗಳಿಗೆ ವ್ಯಾಕ್ಯೂಮ್‌ನಿಂದ ನಡೆಯುವ ಪುಟ್ಟ ಪಂಪ್ ಬೇಕಾಗುವುದು ಇದಕ್ಕಾಗಿ. ಟ್ಯಾಂಕಿನ ಮೇಲೆ ಬರೆದ ಲೀಟರ್‌ಗಳೆಲ್ಲ ಎಂಜಿನ್‌ಗೆ ಸಿಗುವ ಲೀಟರ್‌ಗಳಲ್ಲ.

ಇದನ್ನು ಅಳೆಯುವುದು ಸುಲಭ. ಬೈಕನ್ನು ನೇರವಾಗಿ ನಿಲ್ಲಿಸಿ, ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಅದರ ತುದಿಯನ್ನು ಕಾರ್ಬ್ಯುರೇಟರಿನ ಮೂತಿಯ ಎತ್ತರದಲ್ಲೇ ಹಿಡಿದು, ಅಳತೆ ಪಾತ್ರೆಯೊಂದಕ್ಕೆ ಒಂದು ನಿಮಿಷ ಪೆಟ್ರೋಲ್ ಬಿಡಿ. ಟ್ಯಾಂಕ್ ತುಂಬಿದ್ದಾಗ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಎರಡು ಲೀಟರ್ ಮಾತ್ರ ಇದ್ದಾಗ ಮಾಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಐದು ಲೀಟರ್ ಖರ್ಚೆಂದರೆ ನಿಮಿಷಕ್ಕೆ ಸುಮಾರು 85 ಮಿಲಿಲೀಟರ್ ಆಯಿತು. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಅದರ ಎರಡು ಮೂರು ಪಟ್ಟು ಬೇಕು. ಹಾಗಾಗಿ ನಿಮಿಷಕ್ಕೆ 300 ಮಿಲಿಲೀಟರ್‌ಗಿಂತ ಕಡಿಮೆ ಹರಿದರೆ ನಾನು ಒಪ್ಪುವುದಿಲ್ಲ. ಕಡಿಮೆ ಬರಲು ಸಾಮಾನ್ಯ ಕಾರಣ ಫಿಲ್ಟರ್: ಪಂಪ್ ಇರುವ ಫ್ಯುಯೆಲ್ ಇಂಜೆಕ್ಷನ್ ಬೈಕಿಗೆಂದು ಮಾಡಿದ ಒತ್ತಾದ ಕಾಗದದ ಫಿಲ್ಟರ್, ಭಾರದಿಂದ ಮಾತ್ರ ಇಳಿಯುವ ಪೆಟ್ರೋಲಿಗೆ ಅಡ್ಡಗೋಡೆಯಾಗುತ್ತದೆ. ಜಾಲರಿಯ ಫಿಲ್ಟರ್ ಹಾಕಿ. ಪೈಪು ಎಲ್ಲಿಯೂ ಮೇಲೇರಿ ಇಳಿಯುವಂತೆ ಬಾಗಿರಬಾರದು, ಆ ಏರಿನಲ್ಲಿ ಆವಿಯ ಗುಳ್ಳೆ ನಿಂತುಬಿಡುತ್ತದೆ. ಪೈಪು ಎಸ್‌ಎಇ 30ಆರ್7 ದರ್ಜೆಯ ಇಂಧನ ಪೈಪೇ ಆಗಿರಲಿ. ಅಕ್ವೇರಿಯಂ ಅಂಗಡಿಯ ಪಾರದರ್ಶಕ ನಳಿಕೆ ಕೆಲವೇ ವಾರಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕಾಕ್ ಸೋರಿದರೆ ಸಿಲಿಕೋನ್ ಸೀಲಂಟ್ ಮೆತ್ತುವವರಿದ್ದಾರೆ. ಪೆಟ್ರೋಲ್ ತಾಗಿದ ಸಿಲಿಕೋನ್ ಉಬ್ಬಿ, ಚೂರುಚೂರಾಗಿ ಕಿತ್ತು ಕಾರ್ಬ್ಯುರೇಟರಿನ ಜೆಟ್ ಎಂಬ ಸಣ್ಣ ರಂಧ್ರಗಳಿಗೆ ಹೋಗಿ ಕೂರುತ್ತದೆ. ನೈಟ್ರೈಲ್ ಅಥವಾ ವೈಟಾನ್‌ನ ಹೊಸ ಓ-ರಿಂಗ್ ಹಾಕುವುದೊಂದೇ ಸರಿಯಾದ ದಾರಿ. ಜೋಡಣೆ ಮುಗಿದ ಮೇಲೆ ಬೈಕಿನಡಿ ಹಳೆಯ ಪತ್ರಿಕೆ ಹಾಸಿ, ಬಯಲಿನಲ್ಲಿ ಒಂದು ರಾತ್ರಿ ಬಿಡಿ. ಹನಿ ಬಿದ್ದಿದ್ದರೆ ಕಾಗದದ ಮೇಲೆ ಕಲೆ ಕಾಣುತ್ತದೆ.

ಗಾಳಿಯ ವಿಷಯ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಬರಬೇಕು. ದೊಡ್ಡ ಟ್ಯಾಂಕುಗಳ ಮುಚ್ಚಳದಿಂದ ಹೊರಡುವ ನಳಿಕೆ ಹ್ಯಾಂಡಲಿನ ನಟ್‌ಗೆ ಮಡಚಿಕೊಂಡರೆ, ಅದರಲ್ಲಿನ ಏಕಮುಖ ಕವಾಟ ತಿರುಗುಮುರುಗಾಗಿ ಕೂತರೆ, ಅಥವಾ ದೂಳು ಕಟ್ಟಿದರೆ, ಅರ್ಧ ಗಂಟೆ ಓಡಿದ ಬೈಕ್ ಪೆಟ್ರೋಲ್ ಇದ್ದೂ ನಿಂತುಬಿಡುತ್ತದೆ. ಆಗ ಮುಚ್ಚಳ ತೆರೆದೊಡನೆ ‘ಸುಸ್’ ಎಂದು ಗಾಳಿ ಒಳನುಗ್ಗಿದರೆ ಕಾರಣ ತಿಳಿದಂತೆಯೇ. ಕಂಠದವರೆಗೆ ಪೆಟ್ರೋಲ್ ತುಂಬಿಸುವ ಅಭ್ಯಾಸವನ್ನೂ ಬಿಡಿ. ಮರುಭೂಮಿಯ ಚಳಿಯ ಬೆಳಗಿನಲ್ಲಿ ತುಂಬಿಸಿದ 30 ಲೀಟರ್ ಪೆಟ್ರೋಲ್, ಮಧ್ಯಾಹ್ನದ ಹೊತ್ತಿಗೆ 20 ಡಿಗ್ರಿ ಕಾದರೆ ಅರ್ಧ ಲೀಟರ್‌ಗೂ ಮಿಕ್ಕಿ ಹಿಗ್ಗುತ್ತದೆ, ಅದಕ್ಕೆ ಒಳಗೆ ಜಾಗ ಬೇಕು.

ನಿಮ್ಮ ಬೈಕಿನ 644 ಸಿ.ಸಿ. ಎಂಜಿನ್ ಗಾಳಿ ಮತ್ತು ಆಯಿಲ್‌ನಿಂದ ತಂಪಾಗುವಂಥದ್ದು, ರೇಡಿಯೇಟರ್ ಇಲ್ಲ. ಅಗಲವಾದ ಟ್ಯಾಂಕ್ ಸಿಲಿಂಡರ್ ಹೆಡ್‌ನ ಎರಡೂ ಬದಿಗೆ ಇಳಿದು ಗಾಳಿಗೆ ಸ್ವಲ್ಪ ಮರೆಯಾಗುತ್ತದೆ. ಹೆಡ್‌ನ ಕಾವು ಟ್ಯಾಂಕಿಗೂ ಏರುತ್ತದೆ. ಟ್ಯಾಂಕಿನ ಒಳಮೈಗೆ, ಎಂಜಿನ್ ಮತ್ತು ಬೆಂಡ್ ಪೈಪಿನ ಎದುರಿನ ಭಾಗಕ್ಕೆ, ಅಂಟಿನ ಬೆನ್ನಿರುವ ಅಲ್ಯೂಮಿನಿಯಂ ಶಾಖತಡೆ ಹಾಳೆ ಹಚ್ಚಿ. ಆಯಿಲ್ ಕೂಲರ್‌ನ ಮುಂದೆ ಗಾಳಿಯ ದಾರಿ ತೆರೆದಿದೆಯೇ, ಅದರ ನಳಿಕೆಗಳು ಟ್ಯಾಂಕಿಗೆ ಉಜ್ಜುತ್ತಿಲ್ಲವೇ ಎಂದೂ ನೋಡಿ. ವಾಲ್ವ್ ಹೊಂದಿಸುವಾಗಲೆಲ್ಲ ಟ್ಯಾಂಕ್ ಇಳಿಸಬೇಕಾಗುವುದರಿಂದ, ಪ್ರವಾಸಕ್ಕೆ ಮುನ್ನ ಆ ಕೆಲಸವನ್ನೂ ಎರಡು ಹೊಸ ಪ್ಲಗ್‌ಗಳನ್ನೂ ಮುಗಿಸಿಯೇ ಟ್ಯಾಂಕ್ ಏರಿಸುವುದು ಜಾಣತನ.

ಬಣ್ಣದ ಆಯ್ಕೆಯಿದ್ದರೆ ಅರೆಪಾರದರ್ಶಕವಾದದ್ದು ನನಗಿಷ್ಟ, ಪೆಟ್ರೋಲ್ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಟ್ಯಾಂಕ್ ಬಿಸಿಲಿಗೆ ಹೆಚ್ಚು ವರ್ಷ ತಡೆಯುತ್ತದೆ. ದಾರಿಯಲ್ಲಿ ಬಿದ್ದು ಸಣ್ಣ ಬಿರುಕು ಬಿಟ್ಟರೆ ಎಪಾಕ್ಸಿ ಅಂಟು ಪಾಲಿಎಥಿಲೀನ್‌ಗೆ ಹಿಡಿಯುವುದಿಲ್ಲ. ಬಟ್ಟೆ ಒಗೆಯುವ ಬಾರ್ ಸೋಪನ್ನು ಬಿರುಕಿಗೆ ಒತ್ತಿ ಉಜ್ಜಿದರೆ, ಸೋಪು ಪೆಟ್ರೋಲಿನಲ್ಲಿ ಕರಗದ ಕಾರಣ, ಮುಂದಿನ ಊರು ಮುಟ್ಟುವವರೆಗೆ ಸೋರಿಕೆ ನಿಲ್ಲುತ್ತದೆ. ಊರಿಗೆ ಬಂದ ಮೇಲೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬಹುದು, ಆದರೆ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್‌ನ ಟ್ಯಾಂಕಾದರೆ ಅದು ಮತ್ತೆ ಕರಗದು, ವೆಲ್ಡಿಂಗ್ ಹಿಡಿಯದು. ಒಳಗೆ ಪೆಟ್ರೋಲ್ ಆವಿ ಉಳಿದ ಟ್ಯಾಂಕಿನ ಹತ್ತಿರ ಬಿಸಿ ಉಪಕರಣ ತರುವುದು ಪ್ರಾಣಾಪಾಯ. ಇನ್ನು, ವಿಮೆ ಕಂಪನಿಗೆ ಟ್ಯಾಂಕ್ ಬದಲಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ.

ನಿಮ್ಮ ತಮ್ಮನಿಗೆ ನನ್ನ ಉತ್ತರ ಚಿಕ್ಕದು: ಬೇಡ. ಹಿಮಾಲಯನ್ 411ರಲ್ಲಿ 15 ಲೀಟರ್ ಹಿಡಿಯುತ್ತದೆ, ಲೀಟರಿಗೆ 30 ಕಿ.ಮೀ. ಆಸುಪಾಸು ಓಡುತ್ತದೆ. ಮನಾಲಿ–ಲೇಹ್ ದಾರಿಯ ತಾಂಡಿ ಬಂಕಿನ ಬಳಿ, ಮುಂದಿನ ಬಂಕ್ 365 ಕಿ.ಮೀ. ದೂರವೆಂದು ಸಾರುವ ಪ್ರಸಿದ್ಧ ಫಲಕವಿದೆ. ಘಟ್ಟದ ಏರು, ಕೆಟ್ಟ ರಸ್ತೆಗಳಿಂದ ಮೈಲೇಜ್ 25ಕ್ಕೆ ಇಳಿದರೂ 15 ಲೀಟರ್ ಅಷ್ಟು ದೂರಕ್ಕೆ ಕಷ್ಟಪಟ್ಟು ಸಾಲುತ್ತದೆ. ಐದು ಲೀಟರ್‌ನ ಕ್ಯಾನ್ ಒಂದಿದ್ದರೆ ಕಷ್ಟವೂ ಇಲ್ಲ. ಆ ಬೈಕಿನ ಟ್ಯಾಂಕಿನ ಎರಡೂ ಬದಿಯ ಕಂಬಿಗಳಿಗೆ ಜೆರಿಕ್ಯಾನ್ ಕಟ್ಟಲು ಮೊದಲೇ ಅವಕಾಶವಿದೆ. ಲೇಹ್‌ನಿಂದ ಪ್ಯಾಂಗಾಂಗ್, ಹಾನ್ಲೆ, ತ್ಸೊ ಮೊರಿರಿ ಸುತ್ತಿ ಬರುವ ಯೋಚನೆಯಿದ್ದರೆ ಅಂಥ ಎರಡು ಕ್ಯಾನ್ ಇಟ್ಟುಕೊಳ್ಳಲಿ; ನೀರಿನ ಬಾಟಲಿಗಳಲ್ಲಿ ಪೆಟ್ರೋಲ್ ಒಯ್ಯುವುದು ಮಾತ್ರ ಬೇಡ. ಆ ಬೈಕಿನ ಫ್ಯುಯೆಲ್ ಇಂಜೆಕ್ಷನ್ ಮಾದರಿಗಳಲ್ಲಿ ಪಂಪ್ ಮತ್ತು ಪೆಟ್ರೋಲ್ ಮಟ್ಟದ ಸೆನ್ಸರ್ ಟ್ಯಾಂಕಿನೊಳಗೇ ಇವೆ, ಬಿಎಸ್6 ಮಾದರಿಯಾದರೆ ಆವಿ ಹಿಡಿಯುವ ಡಬ್ಬಿಯೂ ಸೇರುತ್ತದೆ. ಇವನ್ನೆಲ್ಲ ಸ್ಥಳೀಯವಾಗಿ ಮಾಡಿಸಿದ ಟ್ಯಾಂಕಿಗೆ ಹೊಂದಿಸುವುದು ಕಾರ್ಬ್ಯುರೇಟರ್ ಬೈಕಿನಷ್ಟು ಸರಳವಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಅರ್ಥೈಸಿದೆ. ಅಪಘಾತವಾದಾಗ ವಿಮೆಯವರು ಇದೇ ಮಾತೆತ್ತುವ ಸಾಧ್ಯತೆಯನ್ನು ಆತ ಮನಸ್ಸಿನಲ್ಲಿಟ್ಟುಕೊಳ್ಳಲಿ.

ನಿಮ್ಮದಕ್ಕೆ ಬಂದರೆ, ಟ್ಯಾಂಕ್ ಕೂರಿಸಿದ ಮೇಲೆ ಮೆಲ್ಬರ್ನ್ ಸುತ್ತಮುತ್ತಲ ಮಣ್ಣಿನ ರಸ್ತೆಗಳಲ್ಲಿ ಒಂದು ತುಂಬು ಟ್ಯಾಂಕಿನಷ್ಟು ಪೆಟ್ರೋಲ್ ಪೂರ್ತಿ ಖಾಲಿಯಾಗುವವರೆಗೆ, ಜೊತೆಗೆ ಸಣ್ಣ ಕ್ಯಾನ್ ಇಟ್ಟುಕೊಂಡು, ಓಡಿಸಿ ನೋಡಿ. ಎಂಜಿನ್ ನಿಂತ ಜಾಗದಲ್ಲಿ ಎಷ್ಟು ಕಿ.ಮೀ. ಆಯಿತೆಂದು ಬರೆದಿಟ್ಟುಕೊಂಡು, ಟ್ಯಾಂಕಿನಲ್ಲಿ ಉಳಿದದ್ದನ್ನು ಅಳತೆ ಪಾತ್ರೆಗೆ ಸುರಿದು ನೋಡಿದರೆ, ಬಳಸಲಾಗದ ಪೆಟ್ರೋಲ್ ಎಷ್ಟೆಂಬುದು ನಿಮಗೆ ಮಿಲಿಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮನೆಗೆ ಬಂದು ಟ್ಯಾಂಕನ್ನು ಒಮ್ಮೆ ಇಳಿಸಿ, ರಬ್ಬರ್ ಹಾಳೆಗಳು ಜಾರಿವೆಯೇ, ಒಳಬೆನ್ನಿನಲ್ಲಿ ಹೊಳಪು ಹತ್ತಿದ ಉಜ್ಜಿದ ಗುರುತಿದೆಯೇ ಎಂದು ನೋಡಿ. ಗುರುತಿದ್ದರೆ ಅಲ್ಲಿ ಇನ್ನೊಂದು ಪದರ ರಬ್ಬರ್ ಹಾಕಿ, ಬೋಲ್ಟುಗಳಿಗೆ ಕೊನೆಯ ಬಿಗಿ ಕೊಡಿ.